ಇ-ಬೈಕಿನ ಟೈರು: ಗಾಳಿ ಮೊದಲು, ಬಟನ್ ಆಮೇಲೆ

ಇ-ಬೈಕಿನಲ್ಲಿ ಟೈರಿನ ಲೆಕ್ಕ ಶುರುವಾಗುವುದು ಹಿಂದಿನ ಚಕ್ರದಿಂದ. ಗಾಡಿಯೇ 20ರಿಂದ 30 ಕಿಲೋ ತೂಗುತ್ತದೆ. ಹಬ್ ಮೋಟಾರಾದರೆ ಅದರ 3–5 ಕಿಲೋ ಚಕ್ರದ ನಡುವೆಯೇ ಕೂತಿರುತ್ತದೆ. ಬ್ಯಾಟರಿ ಕ್ಯಾರಿಯರಿನಲ್ಲಿದ್ದರೆ ಅದೂ ಹಿಂದಕ್ಕೇ. ಸವಾರನ ಭಾರದಲ್ಲೂ ಹೆಚ್ಚಿನ ಪಾಲು ಹಿಂದೆಯೇ ಬೀಳುತ್ತದೆ. ಸಾಲದ್ದಕ್ಕೆ, ಪ್ರತಿ ಸಲ ಹೊರಡುವಾಗ ಮೋಟಾರಿನ ಎಳೆತ ರಬ್ಬರನ್ನು ನೆಲಕ್ಕೆ ಉಜ್ಜುತ್ತದೆ. ಹಾಗಾಗಿ ಎರಡೂ ಚಕ್ರಕ್ಕೆ ಒಂದೇ ಟೈರು ಎಂಬ ಹಟ ನನಗಿಲ್ಲ. ಹಿಂದಕ್ಕೆ ತಾಳಿಕೆ ಮತ್ತು ಪಂಚರ್ ತಡೆ, ಮುಂದಕ್ಕೆ ಹಿಡಿತ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು; ಮುಂದಿನದು ಜಾರಿದರೆ ಅಷ್ಟು ಹೊತ್ತು ಸಿಗುವುದಿಲ್ಲ.

ಅಳತೆಗೆ ಇಂಚನ್ನು ನಂಬಬೇಡಿ. 28 ಇಂಚು, 29 ಇಂಚು, 700ಸಿ ಈ ಮೂರೂ ಸಾಮಾನ್ಯವಾಗಿ ಕೂರುವುದು 622 ಮಿ.ಮೀ. ರಿಮ್ಮಿನ ಮೇಲೆ. ಅದೇ 26 × 1.75 ಎಂದರೆ 559, 26 × 1 3/8 ಎಂದರೆ 590; ಎರಡೂ ‘26 ಇಂಚು’, ಒಂದರ ರಿಮ್ಮಿಗೆ ಇನ್ನೊಂದರ ಟೈರು ಹತ್ತುವುದಿಲ್ಲ. 20 ಇಂಚಿನಲ್ಲೂ 406 ಮತ್ತು 451 ಎಂದು ಎರಡಿವೆ. ಹಳೆಯ ಟೈರಿನ ಪಕ್ಕೆಯ ಮೇಲೆ 50-622, 57-559 ಎಂದು ಒತ್ತಿರುವ ಜೋಡಿ ಅಂಕಿ ಹುಡುಕಿ: ಮೊದಲನೆಯದು ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ವ್ಯಾಸ. ಎರಡನೆಯದು ಬದಲಾಗಕೂಡದು. ಅಗಲ ಹೆಚ್ಚಿಸಬಹುದು, ಆದರೆ ಗಾಳಿ ತುಂಬಿದ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಉಳಿಯಬೇಕು. ಕೆಸರಿನ ದಾರಿಯಾದರೆ ಮಡ್‌ಗಾರ್ಡಿನ ಕೆಳಗೆ ಇನ್ನೂ ಹೆಚ್ಚು. ಅಗಲ ಬದಲಾದರೆ ಸುತ್ತಳತೆಯೂ ಬದಲಾಗುತ್ತದೆ. ವಾಲ್ವ್ ಕೆಳಗೆ ಬಂದಲ್ಲಿ ನೆಲಕ್ಕೆ ಗುರುತು ಹಾಕಿ, ಸೀಟಿನ ಮೇಲೆ ಕೂತೇ ಒಂದು ಸುತ್ತು ಉರುಳಿಸಿ ಮತ್ತೊಂದು ಗುರುತು ಹಾಕಿ. ನಡುವಿನ ದೂರವನ್ನು ಮಿ.ಮೀ.ನಲ್ಲಿ ಡಿಸ್‌ಪ್ಲೇಗೆ ಕೊಟ್ಟರೆ ಸ್ಪೀಡು, ದೂರ ಸರಿಯಾಗಿ ತೋರಿಸುತ್ತದೆ.

ಅದೇ ಪಕ್ಕೆಯ ಮೇಲೆ ಗರಿಷ್ಠ ಭಾರವೂ ಗಾಳಿಯ ಕನಿಷ್ಠ–ಗರಿಷ್ಠ ಮಿತಿಯೂ ಇರುತ್ತವೆ. ಕೆಲವು ಟೈರುಗಳಲ್ಲಿ ಇ-25 ಅಥವಾ ಇ-50 ಎಂದೂ ಇರುತ್ತದೆ: ಗಂಟೆಗೆ 25 ಅಥವಾ 50 ಕಿ.ಮೀ. ವರೆಗಿನ ಗಾಡಿಗೆ ತಕ್ಕದ್ದು ಎಂದರ್ಥ. ಹಗುರ ರೇಸಿಂಗ್ ಟೈರನ್ನು ಇ-ಬೈಕಿಗೆ ಹಾಕಿದರೆ ಮೊದಲು ಸೋಲುವುದು ಪಕ್ಕೆ, ನಡುಭಾಗವಲ್ಲ.

ಈಗ ಬಟನ್, ಅಂದರೆ ಟೈರಿನ ಹೊರಮೈಯಲ್ಲಿ ಎದ್ದು ನಿಂತ ರಬ್ಬರ್ ಗುಬ್ಬಿಗಳ ವಿಚಾರ. ಡಾಂಬರಿನ ಮೇಲೆ ಮಳೆ ನೀರು ಸೀಳಲು ಆಳವಾದ ಗೀರುಗಳು ಬೇಕು ಎಂಬುದು ಕಾರಿನಿಂದ ಬಂದ ನಂಬಿಕೆ. ನೀರಿನ ಮೇಲೆ ಟೈರು ತೇಲುವ ವೇಗ ಮುಖ್ಯವಾಗಿ ಗಾಳಿಯ ಒತ್ತಡದ ಮೇಲೆ ನಿಲ್ಲುತ್ತದೆ. 40 ಪಿಎಸ್‌ಐ ಇರುವ ಟೈರು ತೇಲಬೇಕಾದರೆ ಗಂಟೆಗೆ 100 ಕಿ.ಮೀ. ಆಸುಪಾಸು ಓಡಬೇಕು, ಅದೂ ಟೈರು ಕಾರಿನದರಂತೆ ಚಪ್ಪಟೆಯಾಗಿದ್ದರೆ. ಇ-ಬೈಕಿಗೆ ಆ ಭಯವಿಲ್ಲ. ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುವುದು ಮೆತ್ತನೆಯ ರಬ್ಬರು ಮತ್ತು ತುಸು ಇಳಿಸಿದ ಗಾಳಿ. ದೊಡ್ಡ ಬಟನ್ ಇದ್ದರೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗಿ, ತಿರುವಿನಲ್ಲಿ ಬಟನ್ ಬಾಗಿ, ಹಿಡಿತ ಇನ್ನೂ ಕೆಡುತ್ತದೆ. ಬ್ಯಾಟರಿಯೂ ಬೇಗ ಖಾಲಿ. ಬಳಿದ ರಸ್ತೆ ಗೆರೆ, ಕಬ್ಬಿಣದ ಮುಚ್ಚಳ, ಒದ್ದೆ ಎಲೆ ಇವುಗಳ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಅಲ್ಲಿ ಬ್ರೇಕಿಗೂ ಥ್ರಾಟಲಿಗೂ ಕೈ ಹಾಕದೆ ನೇರ ದಾಟುವುದೊಂದೇ ದಾರಿ.

ಡಾಂಬರು ಬಿಟ್ಟ ಮೇಲೆ ಮಾತ್ರ ಬಟನ್ ಕೆಲಸಕ್ಕೆ ಬರುತ್ತದೆ. ಅರ್ಧ ಡಾಂಬರು, ಅರ್ಧ ಜಲ್ಲಿ ಎಂದರೆ ನಡುವೆ ಒತ್ತಾದ ಪಟ್ಟಿ, ಅಂಚಿನಲ್ಲಿ ಸಣ್ಣ ಬಟನ್ ಇರುವ 45–50 ಮಿ.ಮೀ. ಟೈರು. ಜಿಗುಟು ಕೆಸರಿಗೆ ಎತ್ತರವಾದ, ದೂರದೂರ ಇರುವ ಬಟನ್. ಒತ್ತಾಗಿದ್ದರೆ ಮಣ್ಣು ತುಂಬಿಕೊಂಡು ಹತ್ತೇ ಸುತ್ತಿಗೆ ಟೈರು ಬೋಳಾಗುತ್ತದೆ. ಮರಳಿಗೆ ಬಟನ್‌ಗಿಂತ ಅಗಲ ಮುಖ್ಯ. ಮಂಜುಗಡ್ಡೆಗೆ ಲೋಹದ ಮೊಳೆಯ ಟೈರೇ ಬೇಕು. ಹೊಸದಾಗಿ ಹಾಕಿದ ಮೇಲೆ ಮೊದಲ 40 ಕಿ.ಮೀ. ಜೋರಾಗಿ ಎಳೆಯದೆ, ಬ್ರೇಕ್ ಅದುಮದೆ ಓಡಿಸಬೇಕು. ಇಲ್ಲದಿದ್ದರೆ ಮೊಳೆ ಗಟ್ಟಿಯಾಗಿ ಕೂರುವ ಮೊದಲೇ ಮೋಟಾರಿನ ಎಳೆತಕ್ಕೆ ಕಿತ್ತುಬರುತ್ತವೆ.

ಇಷ್ಟಾದರೂ, ಒಂದೇ ಟೈರಿನಲ್ಲಿ ಬೇರೆ ಬೇರೆ ದಾರಿ ಸುಧಾರಿಸುವುದು ಗಾಳಿಯಿಂದ. 50 ಮಿ.ಮೀ. ಟೈರು, 75 ಕಿಲೋ ಸವಾರ, 25 ಕಿಲೋ ಗಾಡಿ ಎಂದಿಟ್ಟುಕೊಂಡರೆ ಒಣ ಡಾಂಬರಿಗೆ ನಾನು ಶುರು ಮಾಡುವುದು ಹಿಂದೆ 40, ಮುಂದೆ 34 ಪಿಎಸ್‌ಐನಿಂದ. ಮಳೆಗೆ ಎರಡರಲ್ಲೂ 4 ಇಳಿಸುತ್ತೇನೆ. ಜಲ್ಲಿ, ಮಣ್ಣಿಗೆ ಹಿಂದೆ 32, ಮುಂದೆ 27. ಭಾರ 10 ಕಿಲೋ ಹೆಚ್ಚಿದರೆ ಹಿಂದೆ 3–4 ಸೇರಿಸಿ. 4 ಇಂಚಿನ ಫ್ಯಾಟ್ ಟೈರಿಗೆ ಈ ಲೆಕ್ಕವೇ ಬೇರೆ: ಡಾಂಬರಿಗೆ 18–22, ಮಣ್ಣಿಗೆ 12–15, ಸಡಿಲ ಮರಳಿಗೆ 6–8. ಅಲ್ಲಿ 2 ಪಿಎಸ್‌ಐ ವ್ಯತ್ಯಾಸವೂ ಹ್ಯಾಂಡಲಿನಲ್ಲಿ ಗೊತ್ತಾಗುತ್ತದೆ. ಮರಳು ದಾಟಿ ಡಾಂಬರಿಗೆ ಬಂದವರು ಗಾಳಿ ಹೊಡೆಯದೆ ಹಾಗೇ ಮುಂದೆ ಓಡಿಸಿದರೆ ಪಕ್ಕೆ ಮಡಿದು ಮಡಿದು ಬಿಸಿಯಾಗಿ ರಬ್ಬರಿನೊಳಗಿನ ನೂಲು ಸೀಳುತ್ತದೆ. ಇವೆಲ್ಲ ಪಕ್ಕೆಯ ಮೇಲಿನ ಕನಿಷ್ಠ ಮಿತಿಗಿಂತ ಕೆಳಗಿಳಿಯದಿದ್ದರೆ ಮಾತ್ರ ಸರಿ.

ಕಡಿಮೆಯಾಯಿತೋ ಹೆಚ್ಚಾಯಿತೋ ತಿಳಿಯುವುದು ಹೇಗೆ? ತಿರುವಿನಲ್ಲಿ ಹಿಂಭಾಗ ತೂಗಾಡಿದಂತಾದರೆ, ಗುಂಡಿಗೆ ಬಿದ್ದಾಗ ರಿಮ್ ತಾಗಿದ ಸದ್ದು ಬಂದರೆ ಗಾಳಿ ಕಡಿಮೆ. ಜಲ್ಲಿಯ ಮೇಲೆ ಟೈರು ಪುಟಿಯುತ್ತಿದ್ದರೆ, ಸವೆತ ನಡುವಿನಲ್ಲೇ ಪಟ್ಟಿಯಾಗಿ ಬಿದ್ದಿದ್ದರೆ ಹೆಚ್ಚು. ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಳತೆಯಲ್ಲ. 30ಕ್ಕೂ 40ಕ್ಕೂ ಬೆರಳಿಗೆ ವ್ಯತ್ಯಾಸ ಸಿಗದು. ಪಂಪಿನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದ್ದರಿಂದ ಯಾವಾಗಲೂ ಒಂದೇ ಮೀಟರು ಬಳಸಿ. ಟೈರು ತಣ್ಣಗಿರುವಾಗ ನೋಡಿ. 30 ಡಿಗ್ರಿ ಸೆಖೆಯಲ್ಲಿ 40 ಪಿಎಸ್‌ಐ ತುಂಬಿದ್ದು ಬೆಳಗಿನ 10 ಡಿಗ್ರಿ ಚಳಿಗೆ ತೂತಿಲ್ಲದೆಯೇ 36ರ ಹತ್ತಿರ ಇಳಿದಿರುತ್ತದೆ.

ಗಾಳಿ ಕಡಿಮೆ ಇದ್ದಾಗ ಇ-ಬೈಕಿನಲ್ಲಿ ಹೆಚ್ಚಾಗಿ ಕಾಡುವ ರೋಗ ಇನ್ನೊಂದಿದೆ: ಮೋಟಾರಿನ ಎಳೆತಕ್ಕೆ ಟೈರು ರಿಮ್ಮಿನ ಮೇಲೆ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಟ್ಯೂಬೂ ಜೊತೆಗೆ ಸರಿಯುತ್ತದೆ, ವಾಲ್ವ್ ಮಾತ್ರ ರಂಧ್ರದಲ್ಲಿ ಸಿಕ್ಕಿಕೊಂಡಿರುತ್ತದೆ. ಕೊನೆಗೆ ವಾಲ್ವ್ ಬುಡದಲ್ಲೇ ಹರಿಯುತ್ತದೆ, ಅಲ್ಲಿಗೆ ಪ್ಯಾಚ್ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಗಾಳಿ ನೋಡುವಾಗ ವಾಲ್ವ್ ನೆಟ್ಟಗಿದೆಯೇ ನೋಡಿ. ವಾಲಿದ್ದರೆ ಗಾಳಿ ಪೂರ್ತಿ ಬಿಟ್ಟು, ಟೈರನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ನೇರ ಮಾಡಿ, ಮತ್ತೆ ತುಂಬಿ. ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ. ಸಡಿಲ ಬಿಟ್ಟರೆ ವಾಲಿದ್ದು ಕಣ್ಣಿಗೆ ಬೇಗ ಬೀಳುತ್ತದೆ.

ಪಂಚರ್ ಹೆಚ್ಚುವುದು ಮಳೆಯಲ್ಲಿ. ಒದ್ದೆ ರಬ್ಬರಿನಲ್ಲಿ ಗಾಜು ಸಲೀಸಾಗಿ ಇಳಿಯುತ್ತದೆ, ನೀರು ಕಸವನ್ನೆಲ್ಲ ರಸ್ತೆಯ ಅಂಚಿಗೇ ತಂದು ಹಾಕಿರುತ್ತದೆ. ಹಿಂದಿನ ಚಕ್ರಕ್ಕೆ ಒಳಗೆ ದಪ್ಪ ರಕ್ಷಣಾ ಪದರವಿರುವ ಟೈರೇ ಲೇಸು. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಈ ಪದರ 5 ಮಿ.ಮೀ. ಇದೆ. ತೂಕ ಹೆಚ್ಚು, ಓಟ ತುಸು ಮಂಕು, ಆದರೆ ಮೋಟಾರಿರುವಾಗ ಆ ತೂಕ ಕಾಲಿಗೆ ತಿಳಿಯುವುದಿಲ್ಲ. ಟ್ಯೂಬ್‌ಲೆಸ್ ಮಾಡುವುದಾದರೆ 50 ಮಿ.ಮೀ. ಟೈರಿಗೆ ಸುಮಾರು 100 ಮಿ.ಲೀ. ಸೀಲೆಂಟ್ (ತೂತನ್ನು ಒಳಗಿನಿಂದ ಮುಚ್ಚುವ ದ್ರವ) ಹಾಕಿ, ಸೆಖೆಯಲ್ಲಿ ಎರಡು–ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. ಒಣಗಿ ರಬ್ಬರ್ ಉಂಡೆಯಾಗಿದ್ದರೆ ಅದು ಬರೀ ಭಾರ.

ಹಬ್ ಮೋಟಾರಿನ ಚಕ್ರ ಪಂಚರಾದರೆ ಚಕ್ರ ಬಿಚ್ಚುವುದು ಕೊನೆಯ ಮಾತು. ಬ್ಯಾಟರಿ ಆಫ್ ಮಾಡಿ ತೆಗೆದಿಡಿ. ಸ್ಟ್ಯಾಂಡ್ ಹಾಕಿದಂತೆಯೇ ಟೈರಿನ ಒಂದು ಬದಿಯ ಅಂಚನ್ನು ಮೂರು ಲಿವರಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ ತೂತು ಹುಡುಕಿ. ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಅದು ಬೆರಳಿಗೆ ಅಂಟದಷ್ಟು ಒಣಗುವವರೆಗೆ, ಅಂದರೆ ಸುಮಾರು ಐದು ನಿಮಿಷ ಕಾದು ಪ್ಯಾಚ್ ಒತ್ತಿ. ಕಿತ್ತುಬರುವ ಪ್ಯಾಚುಗಳಲ್ಲಿ ಹೆಚ್ಚಿನವು ಈ ಐದು ನಿಮಿಷದ ಅವಸರಕ್ಕೆ ಬಲಿಯಾದವು.

ತೂತು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಹೊರಮೈಯಲ್ಲಿದ್ದರೆ ಮುಳ್ಳು ಅಥವಾ ಗಾಜು. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಸಾಲದೆ ರಿಮ್ ಕಚ್ಚಿದ್ದು. ಒಳಮೈಯಲ್ಲಿದ್ದರೆ ರಿಮ್ ಟೇಪು ಸರಿದು ಕಡ್ಡಿಯ ತುದಿ ಚುಚ್ಚಿದ್ದು. ಟೈರು ಹಾಕುವಾಗ ಅದರ ಹೆಸರಿನ ಅಕ್ಷರ ವಾಲ್ವಿನ ನೇರಕ್ಕೇ ಬರುವಂತೆ ಕೂರಿಸುವ ಅಭ್ಯಾಸ ಒಳ್ಳೆಯದು: ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲಿ ಮುಳ್ಳೂ ಅಷ್ಟೇ ದೂರದಲ್ಲಿ ಸಿಗುತ್ತದೆ. ಒಳಗೆ ಬೆರಳು ಆಡಿಸಬೇಡಿ, ಹತ್ತಿ ಬಟ್ಟೆ ಎಳೆಯಿರಿ. ಸಣ್ಣ ತಂತಿಯಾದರೂ ಎಳೆ ಸಿಕ್ಕಿಕೊಳ್ಳುತ್ತದೆ.

ಚಕ್ರ ಬಿಚ್ಚಲೇಬೇಕಾದರೆ ಮೋಟಾರಿನ ವೈರಿನ ಕನೆಕ್ಟರನ್ನು ತಿರುಚದೆ ನೇರ ಎಳೆಯಿರಿ. ಮತ್ತೆ ಸೇರಿಸುವಾಗ ಎರಡೂ ಬಾಣದ ಗುರುತು ಎದುರುಬದುರು ಇರಲಿ. ವಾಷರುಗಳ ಕ್ರಮದ ಫೋಟೋ ತೆಗೆದಿಟ್ಟುಕೊಳ್ಳಿ. ನಾಲಿಗೆ ಇರುವ ವಾಷರ್ ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳಿನಲ್ಲೇ ಕೂರಬೇಕು. ತಪ್ಪಿದರೆ ಮೋಟಾರ್ ಎಳೆದಾಗ ಆಕ್ಸಲ್ಲೇ ತಿರುಗಿ ವೈರು ಕತ್ತರಿಸುತ್ತದೆ. ನಟ್ಟಿನ ಬಿಗಿ ಗಾಡಿಯ ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ 35–40 ನ್ಯೂಟನ್ ಮೀಟರ್. ವೈರು ಆಕ್ಸಲಿನಿಂದ ಕೆಳಮುಖವಾಗಿ ಹೊರಟು ಆಮೇಲೆ ಮೇಲೇರಲಿ. ಇಲ್ಲವಾದರೆ ಮಳೆ ನೀರು ವೈರಿನ ಗುಂಟ ಮೋಟಾರಿಗೆ ಇಳಿಯುತ್ತದೆ.

ಸವೆದ ಹಿಂದಿನ ಟೈರಿನ ಜಾಗಕ್ಕೆ ಹೊಸತನ್ನು ಹಾಕುವ ಬದಲು, ಎರಡೂ ಒಂದೇ ಬಗೆಯವಾದರೆ, ಮುಂದಿನದನ್ನು ಹಿಂದಕ್ಕೆ ತಂದು ಹೊಸದನ್ನು ಮುಂದೆ ಹಾಕುತ್ತೇನೆ. ನೂಲು ಅಥವಾ ರಕ್ಷಣಾ ಪದರದ ಬಣ್ಣ ಕಂಡರೆ, ಪಕ್ಕೆ ಉಬ್ಬಿದರೆ ತಡಮಾಡದೆ ಆ ಟೈರನ್ನು ತೆಗೆದುಬಿಡುತ್ತೇನೆ. ಹಳೆಯದನ್ನು ಎಸೆಯುವ ಮೊದಲು ಅದರ ಪಕ್ಕೆಯಿಂದ 5 ಸೆಂ.ಮೀ. ತುಂಡು ಕತ್ತರಿಸಿ, ಅಂಚು ತೆಳ್ಳಗೆ ಕೆರೆದು, ಟೂಲ್ ಚೀಲದಲ್ಲಿಡಿ. ದಾರಿಯಲ್ಲಿ ಟೈರು ಸೀಳಿದರೆ ಒಳಗಿನಿಂದ ಅದನ್ನು ಒತ್ತುಕೊಟ್ಟು, ಗಾಳಿ 10 ಪಿಎಸ್‌ಐ ಕಡಿಮೆ ತುಂಬಿ, ನಿಧಾನಕ್ಕೆ ಮನೆ ಸೇರಬಹುದು.