ಬಾದಾಮಿಯ ಕಲ್ಲಿನಲ್ಲಿ ನದಿಯ ದಿಕ್ಕು ಹುಡುಕಿದ್ದು

ಬಾದಾಮಿಯ ಕೆಂಪು ಮರಳುಗಲ್ಲು ಬಹುಪಾಲು ಹಳೆಯ ನದಿಗಳು ತಂದು ಸುರಿದ ಮರಳು. ಆ ನೀರು ಯಾವ ಕಡೆ ಹರಿಯುತ್ತಿತ್ತು ಎಂಬುದನ್ನು ಕಲ್ಲಿನ ಮೇಲೆಯೇ ಅಳೆಯಬಹುದು. ಅಲ್ಲಿ ನಾನು ಮಾಡಿದ್ದು ಮುಖ್ಯವಾಗಿ ಇದೇ ಕೆಲಸ.

ಹರಿಯುವ ನೀರು ತಳದ ಮರಳನ್ನು ದಿಣ್ಣೆ ದಿಣ್ಣೆಯಾಗಿ ಮುಂದಕ್ಕೆ ತಳ್ಳುತ್ತದೆ. ನೆತ್ತಿ ದಾಟಿದ ಮರಳು ಆಚೆ ಬದಿಗೆ ಜಾರಿ ತೆಳುವಾದ ಓರೆಪದರವಾಗಿ ಕೂರುತ್ತದೆ. ಆ ಪದರ ಇಳಿಯುವ ದಿಕ್ಕೇ ನೀರು ಹೋದ ದಿಕ್ಕು. ಆದರೆ ಬಂಡೆಯ ಒಂದೇ ಮುಖ ನೋಡಿ ನಿಜವಾದ ಇಳಿಜಾರು ಹೇಳಲಾಗದು. ಪದರದ ಮೈ ಬಯಲಾಗಿದ್ದ ಕಡೆ ಮಾತ್ರ ನೋಟ್‌ಬುಕ್ಕನ್ನು ಅದಕ್ಕೆ ಒತ್ತಿ ಹಿಡಿದು, ಮೇಲೆ ಇಳಿಜಾರನ್ನೂ ಅಳೆಯುವ ಬ್ರಂಟನ್ ದಿಕ್ಸೂಚಿ ಇಟ್ಟು ಓದುತ್ತಿದ್ದೆ. ಇದಕ್ಕೆ ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲೇ ಬೇಕು. ನಡುಮಧ್ಯಾಹ್ನ ಗೆರೆಗಳು ಮಾಯವಾಗುತ್ತವೆ.

ಬಣ್ಣದ ಪಟ್ಟಿಗಳನ್ನು ಮಾತ್ರ ನಂಬಬಾರದು. ಎಷ್ಟೋ ಪಟ್ಟಿಗಳು ಕಲ್ಲಾದ ಮೇಲೆ ಒಳಗೆ ಜಿನುಗಿದ ನೀರು ಕಬ್ಬಿಣ ಬಿಟ್ಟು ಮೂಡಿಸಿದವು. ಭೂತಗನ್ನಡಿಯಲ್ಲಿ ಕಾಳಿನ ಗಾತ್ರ ಬದಲಾಗುವುದು ಕಂಡರಷ್ಟೇ ಅದನ್ನು ಪದರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೆ. ಗುಹಾಲಯಗಳು ಸಂರಕ್ಷಿತ ಸ್ಮಾರಕ, ಅಲ್ಲಿ ಸುತ್ತಿಗೆ ಎತ್ತುವ ಮಾತೇ ಇಲ್ಲ. ಮಾದರಿ ತೆಗೆದದ್ದೆಲ್ಲ ಆ ವ್ಯಾಪ್ತಿಯ ಹೊರಗೆ.

ಅಳತೆಗಳನ್ನು ವೃತ್ತದ ನಕ್ಷೆಯಲ್ಲಿ ಹಾಕಿದಾಗ ಅವು ಒಂದೇ ಬದಿಗೆ ಬೀಸಣಿಗೆಯಂತೆ ಹರಡಿಕೊಂಡವು. ಉಬ್ಬರವಿಳಿತದ ಕಡಲಂಚಾಗಿದ್ದರೆ ಎದುರುಬದುರು ಎರಡು ಗುಂಪು ಬರುವ ಸಂಭವ ಹೆಚ್ಚು. ನೆಲದ ಮೇಲೆ ಗಿಡಮರ ಹುಟ್ಟುವ ಮೊದಲಿನ ಕಾಲ ಅದು. ದಡ ಹಿಡಿಯಲು ಬೇರುಗಳಿಲ್ಲ. ನದಿ ಕವಲು ಕವಲಾಗಿ ಅಗಲಕ್ಕೆ ಚಾಚಿಕೊಳ್ಳುತ್ತಿತ್ತು. ಈ ಮರಳುಗಲ್ಲು ಸೇರಿರುವ ಬಾದಾಮಿ ಶಿಲಾಗುಂಪಿನ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿರುವುದರಿಂದ ಈ ಓದು ಸುಲಭ. ಅದರ ಕೆಳಗಿನ ಬಾಗಲಕೋಟೆ ಗುಂಪು ಮಡಚಿಕೊಂಡಿದೆ, ಅಲ್ಲಿ ಪದರವನ್ನು ಲೆಕ್ಕದಲ್ಲಿ ಮೊದಲು ಮಟ್ಟಕ್ಕೆ ತಿರುಗಿಸಿ ಆಮೇಲೆ ದಿಕ್ಕು ತೆಗೆಯಬೇಕು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಕೆಂಪು. 0.03 ಮಿಲಿಮೀಟರ್‌ಗೆ ತೇದ ತೆಳುಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬೆಣಚುಕಲ್ಲಿನ ಕಾಳುಗಳ ಅಂಚಿಗೆ ಹೆಮಟೈಟ್‌ ಎಂಬ ಕಬ್ಬಿಣದ ಆಕ್ಸೈಡ್‌ನ ಕೆಂಪು ಲೇಪ ಕಾಣುತ್ತದೆ. ಕಬ್ಬಿಣ ಹೀಗೆ ತುಕ್ಕಾಗಲು ಆಮ್ಲಜನಕ ಬೇಕು. ಚಿಕ್ಕಮಗಳೂರಿನ ಕಡೆ, ಬಾಬಾಬುಡನ್ ಶಿಲಾಗುಂಪಿನ ಬುಡದಲ್ಲಿರುವ ಸುಮಾರು 280–290 ಕೋಟಿ ವರ್ಷ ಹಳೆಯ ಉರುಟುಕಲ್ಲಿನ ಪದರವನ್ನು ಇದರ ಪಕ್ಕ ಇಟ್ಟು ನೋಡಬೇಕು. ಅಲ್ಲಿ ಪೈರೈಟ್ ಇದೆ, ಕಬ್ಬಿಣ ಮತ್ತು ಗಂಧಕ ಸೇರಿದ್ದು. ಅದು ಬೆಳಕು ಹಾಯಗೊಡದ ಖನಿಜ, ಮೇಲಿನಿಂದ ಬೆಳಕು ಬಿಟ್ಟರೆ ಹಳದಿಯಾಗಿ ಹೊಳೆಯುತ್ತದೆ. ಚೌಕಾಕಾರದ ಹರಳುಗಳನ್ನು ಬಿಟ್ಟುಬಿಡುತ್ತೇನೆ, ಅವು ಆಮೇಲೆ ಬೆಳೆದಿರಬಹುದು. ದುಂಡಗೆ ಸವೆದ ಕಾಳುಗಳೇ ಮುಖ್ಯ. ಇಂದಿನ ಗಾಳಿಯಲ್ಲಿ ಪೈರೈಟ್ ನದಿಯಲ್ಲಿ ಉರುಳುತ್ತಾ ಹೋದರೆ ಬೇಗ ಕೊಳೆತು ತುಕ್ಕಾಗುತ್ತದೆ. ಅಂದು ಹಾಗೇ ಉಳಿಯಿತು, ಏಕೆಂದರೆ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅದು ಏರಲು ತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಹೊಸದಾಗಿ ಕಲಿಯಲು ಬಂದವರಿಗೆ ನಾನು ಈ ಎರಡು ಮಾದರಿಗಳನ್ನೂ ಒಟ್ಟಿಗೇ ಕೊಡುತ್ತೇನೆ, ಬಾಬಾಬುಡನ್‌ನದನ್ನು ಮೊದಲು.