ಊರಲ್ಲಿ ನಿಲ್ಲಿಸಿ ಬಂದ ಕಾರಿನ ಬ್ಯಾಟರಿ: ಗಲ್ಫಿಗೆ ಹೊಸದಾಗಿ ಬಂದವರಿಗೆ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಇಲ್ಲಿಗೆ ಬರುವವರು ವೀಸಾ, ಬಾಡಿಗೆ ಮನೆ ಬಗ್ಗೆ ನೂರೆಂಟು ಪ್ರಶ್ನೆ ಕೇಳುತ್ತಾರೆ. ಊರಿನ ಅಂಗಳದಲ್ಲಿ ನಿಂತ ಕಾರು ನೆನಪಾಗುವುದು ಮೊದಲ ರಜೆಗೆ ಟಿಕೆಟ್ ತೆಗೆದಾಗ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದು ಬ್ಯಾಟರಿ ಮಲಗಿರುತ್ತದೆ.

ಹೆಚ್ಚಿನವರು ಮನೆಯಲ್ಲಿ ಹೇಳಿ ಬರುವುದು ಒಂದೇ ಮಾತು: "ತಮಾ, ವಾರಕ್ಕೊಂದ್ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡಿಡು." ಇದನ್ನು ನಂಬಿ ಕೂರಬೇಡಿ. ಕಾರು ಸುಮ್ನೆ ನಿಂತಿದ್ದರೂ ಗಡಿಯಾರ, ಅಲಾರ್ಮ್, ರಿಮೋಟ್ ಲಾಕ್ ಎಲ್ಲಾ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತವೆ. 50 ಮಿಲಿಆಂಪ್ ಎಳೆದರೂ ವಾರಕ್ಕೆ 8 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ತುಂಬಿರುವ ಚಾರ್ಜಿನ ಅಳತೆ) ಮೇಲೆ ಹೋಯಿತು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ತಿಂಗಳೊಳಗೆ ಖಾಲಿ. ನಿಂತಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಿದರೆ ಅಷ್ಟು ತುಂಬುವುದಿಲ್ಲ. ಓಡಿಸುವವರಿದ್ದರೆ ವಾರಕ್ಕೊಮ್ಮೆ ಕಾರವಾರದಿಂದ ಅಂಕೋಲಾ ತನಕ ಹೋಗಿ ಬರಲಿ, ಅದು ಲೆಕ್ಕಕ್ಕೆ ಬರುತ್ತದೆ.

ಓಡಿಸುವವರು ಇಲ್ಲದಿದ್ದರೆ, ಹೊರಡುವ ಮುಂಚೆ ಬ್ಯಾಟರಿ ಫುಲ್ ಚಾರ್ಜ್ ಮಾಡಿಸಿ, ಮೈನಸ್ ವೈರ್ ಬಿಚ್ಚಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ವೈರ್ ತೆಗೆದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಹಾಗಾಗಿ ಬಾಗಿಲು ಕೀಲಿಯಿಂದ ತೆಗೆಯಲು ಬರುತ್ತದಾ ನೋಡಿಕೊಳ್ಳಿ. ವೈರ್ ಬಿಚ್ಚಿದರೂ ಬ್ಯಾಟರಿ ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಎರಡು ತಿಂಗಳಿಗೊಮ್ಮೆ ಯಾರಾದರೂ ಚಾರ್ಜಿಗೆ ಹಾಕಬೇಕು. ಚಾರ್ಜ್ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಅದು ಕೂತರೆ ಬಿಡಿಸುವುದು ಕಷ್ಟ.

ರಜೆಗೆ ಹೋದಾಗ ಸೆಲ್ಫ್ ಹೊಡೆಯುವ ಮುಂಚೆ ಬಾನೆಟ್ ತೆಗೆದು ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿ, ತೇವಕ್ಕೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಬೇಗ ಕಟ್ಟುತ್ತದೆ. ವೈರ್ ತೆಗೆದು, ಕೈಗವಸು ಹಾಕಿಕೊಂಡು, ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಹಳೇ ಬ್ರಶ್‌ನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿಸಿ, ವೈರ್ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ. ಅಡಿಕೆ ದಾಸ್ತಾನಿನ ಪಕ್ಕ ನಿಲ್ಲಿಸಿದ್ದರಂತೂ ನೋಡಲೇಬೇಕು.

ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ, ಆದರೆ ಖಾಲಿ ಎಂದರೆ ಹಾಳಾಗಿದೆ ಎಂದಲ್ಲ! ಅಂಗಡಿಯವರು ಹೊಸದು ಹಾಕಿಸಿ ಎಂದರೂ, ಮೊದಲು ನಿಧಾನಕ್ಕೆ ಫುಲ್ ಚಾರ್ಜ್ ಮಾಡಿಸಿ. 35ರ ಬ್ಯಾಟರಿಗೆ 3.5 ಆಂಪ್ ಸಾಕು, ರಾತ್ರಿಯಿಡೀ ಬೇಕಾಗಬಹುದು. ಗಾಳಿಯಾಡುವ ಜಾಗದಲ್ಲಿಡಿ, ಹತ್ತಿರ ಬೆಂಕಿ, ಬೀಡಿ ಬೇಡ, ಹೈಡ್ರೋಜನ್ ಬರುತ್ತದೆ. ಉಬ್ಬಿದ, ಒಡೆದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬೇಡಿ.

ಚಾರ್ಜ್ ಆದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. 12.6 ಆಸುಪಾಸು ನಿಂತರೆ ಸಮಾಧಾನ. ಸೆಲ್ಫ್ ಹೊಡೆಯುವಾಗ 9.6ರ ಕೆಳಗೆ ಕುಸಿದರೆ ಅದರ ಕಾಲ ಮುಗಿದಿದೆ. ಇಂಜಿನ್ ಓಡುವಾಗ 14ರ ಹತ್ತಿರ ಬರದಿದ್ದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರನ್ನು ಮೆಕ್ಯಾನಿಕ್‌ಗೆ ತೋರಿಸಿ. ಇಷ್ಟಾದ ಮೇಲೂ ಹೊಸದೇ ಬೇಕೆಂದಾದರೆ ಹಳೇದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಇಳಿಸುತ್ತಾರೆ.