ಫೋಟೋ ಹುಚ್ಚಿಂದ ಮದ್ವೆ ಆರ್ಡರ್‌ವರೆಗೆ, ನಮ್ಮ ಶಿರಸಿ-ಕಾರವಾರ ಕಡೆಯವ್ರಿಗೆ

ಸಣ್ಣಿಂದ್ಲೂ ಕ್ಯಾಮೆರಾ ಹುಚ್ಚು ಇರೋರು ನಮ್ಮ ಜಿಲ್ಲೇಲಿ ಬೇಕಾದಷ್ಟು ಜನ ಇದ್ದಾರೆ. ಯಾಣ, ಸಹಸ್ರಲಿಂಗ, ಕಾಳಿ ನದಿ ಸಮುದ್ರ ಸೇರೋ ಜಾಗ ಎಲ್ಲ ತೆಗೆದು ತೆಗೆದು ಕೈ ಪಳಗಿರ್ತದೆ. ಆದ್ರೆ ಯಾಣದ ಬಂಡೆ ನಾಳೆನೂ ಅಲ್ಲೇ ಇರ್ತದೆ, ಮದುಮಗ ತಾಳಿ ಕಟ್ಟೋದು ಒಂದೇ ಸಲ. ಹಂಗಾಗಿ ದುಡ್ಡು ತಗೊಳ್ಳೋಕೆ ಮೊದ್ಲು ಕಡಿಮೆ ಬೆಳಕಲ್ಲಿ ಓಡಾಡೋ ಜನರನ್ನ ತೆಗೆಯೋದು ರೂಢಿ ಮಾಡ್ಕೊಳ್ಳಿ.

ಇದಕ್ಕೆ ಯಕ್ಷಗಾನದಷ್ಟು ಒಳ್ಳೆ ಶಾಲೆ ಇನ್ನೊಂದಿಲ್ಲ. ಮೇಳದವ್ರ ಹತ್ರ ಒಂದು ಮಾತು ಕೇಳಿ, ಫ್ಲ್ಯಾಶ್ ಹಾಕ್ಲೇಬೇಡಿ. ಕುಣಿತ ಜೋರಿದ್ದಾಗ ಶಟರ್ ವೇಗ 1/250 ಸೆಕೆಂಡ್ ಆದ್ರೂ ಬೇಕು, ಎಲ್‌ಇಡಿ ಲೈಟಿಂದ ಫೋಟೋದಲ್ಲಿ ಪಟ್ಟೆ ಬಂದ್ರೆ 1/100ಕ್ಕೆ ಇಳಿಸಿ, ವೇಷಧಾರಿ ಒಂದು ಕ್ಷಣ ನಿಲ್ಲೋದನ್ನ ಕಾಯ್ರಿ. ಹಿಂದೆ ಪೂರ್ತಿ ಕತ್ತಲಿದ್ರೆ ಕ್ಯಾಮೆರಾದ ಆಟೋ ಮೋಡಲ್ಲಿ ಮುಖ ಬೆಳ್ಳಗೆ ಸುಟ್ಟ ಹಾಗೆ ಬರ್ತದೆ, ಅದ್ಕೆ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕು ಮಾತ್ರ ಅಳೆಯೋದು) ಇಟ್ಟು ಮುಖಕ್ಕೇ ಅಳತೆ ತಗೊಳ್ಳಿ.

ಆಮೇಲೆ ಊರಿನ ಯಾವುದಾದ್ರೂ ಸ್ಟುಡಿಯೋದವ್ರ ಜೊತೆ ಒಂದು ಸೀಸನ್ ಸೆಕೆಂಡ್ ಕ್ಯಾಮೆರಾ, ಅಂದ್ರೆ ಮುಖ್ಯ ಫೋಟೋಗ್ರಾಫರ್ ಜೊತೆ ಎರಡನೇ ಕ್ಯಾಮೆರಾ, ಹಿಡೀರಿ. ಅಂಗಳದಲ್ಲಿ ಚಪ್ಪರ ಹಾಕಿ ಮಾಡೋ ಮದ್ವೇಲಿ ದೊಡ್ಡ ತಲೆನೋವು ಬಣ್ಣದ ಬಟ್ಟೆ. ಫ್ಲ್ಯಾಶ್ ಬೆಳಕನ್ನ ಕೆಂಪು ಬಟ್ಟೆಗೆ ಹೊಡೆಸಿ ಬೌನ್ಸ್ ಮಾಡಿದ್ರೆ ಎಲ್ಲರ ಮುಖಕ್ಕೂ ಕೆಂಪೇ ಬಂದು ಬೀಳ್ತದೆ. ಅದ್ಕೆ ಬಣ್ಣ ಆಮೇಲೆ ಸರಿಮಾಡೋಕೆ ಸುಲಭ ಆಗೋ ರಾ (RAW) ಫೈಲಲ್ಲಿ ತೆಗೀರಿ, ಮನೆಯವ್ರ ಗುಂಪು ಫೋಟೋನ ಚಪ್ಪರದ ಅಂಚಿಗೆ, ಹೊರಗಿನ ಬೆಳಕು ಬೀಳೋ ಕಡೆ ನಿಲ್ಸಿ ತೆಗೀರಿ. ಭಟ್ರ ಹತ್ರ ಬೆಳಿಗ್ಗೆನೇ ಹೋಗಿ ಧಾರೆ ಯಾವಾಗ, ಲಾಜಾಹೋಮ ಯಾವಾಗ, ಹೊಗೆ ಯಾವ ಕಡೆ ಹೋಗ್ತದೆ ಅಂತ ಕೇಳಿಟ್ಕೊಳ್ಳಿ. ಇನ್ನೊಂದು, ನೆಂಟ್ರೆಲ್ಲರ ಪರಿಚಯ ಇರೋ ಸೋದರಮಾವನಂಥ ಒಬ್ರನ್ನ ಹಿಡ್ಕೊಳ್ಳಿ, ಅಜ್ಜಿ ಫೋಟೋ ಬಿಟ್ಟುಹೋದ್ರೆ ಆ ಮನೆಯವ್ರಿಗೆ ಆಲ್ಬಮ್ಮೇ ಅಪೂರ್ಣ.

ಲೆನ್ಸ್ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ, ಕಡಿಮೆ ಬೆಳಕಿಗೂ ಆಗೋ 50 ಎಂಎಂ f/1.8 ಲೆನ್ಸ್ ಸಾಕು ಶುರುವಿಗೆ, ಉಳಿದದ್ದು ಬಾಡಿಗೆಗೆ ತನ್ನಿ. ಆದ್ರೆ ನಮ್ಮ ಮಳೆಗಾಲದ ಥಂಡಿಗೆ ಲೆನ್ಸಲ್ಲಿ ಫಂಗಸ್ ಹಿಡೀತದೆ, ಗಾಳಿ ಆಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡಿ, ಬೀಚಿಂದ ಬಂದ ತಕ್ಷಣ ಕ್ಯಾಮೆರಾ ಬಾಡಿ ಮೇಲಿನ ಉಪ್ಪು ಒರೆಸಿ. ಕಾರವಾರದಲ್ಲಿ ನೌಕಾನೆಲೆ ಇದೆ, ಪ್ರೀ ವೆಡ್ಡಿಂಗ್ ಅಂತ ಅನುಮತಿ ಇಲ್ದೆ ಡ್ರೋನ್ ಹಾರಿಸೋಕೆ ಹೋಗ್ಬೇಡಿ.

ದುಡ್ಡಿನ ಮಾತು ನೆಂಟ್ರಾದ್ರೂ ವಾಟ್ಸಾಪಲ್ಲಿ ಬರ್ದೇ ಆಗ್ಬೇಕು. ಎಷ್ಟು ಗಂಟೆ, ಎಷ್ಟು ಫೋಟೋ, ಅಡ್ವಾನ್ಸ್ ಎಷ್ಟು, ಆಲ್ಬಮ್ ಯಾವಾಗ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಅಂದ್ರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ದಿದ್ರೆ, ತೆಗೆಸಿದವ್ರೇ ಮೊದಲ ಮಾಲೀಕರು. ನಿಮ್ಮ ಇನ್‌ಸ್ಟಾ ಪೇಜಿಗೆ ಹಾಕ್ಬೇಕು ಅಂದ್ರೆ ಅದನ್ನೂ ಮೊದ್ಲೇ ಬರೆಸ್ಕೊಳ್ಳಿ. ಎರಡು ಕಡೆ ಕಾಪಿ ಆಗೋ ತನಕ ಕಾರ್ಡ್ ಫಾರ್ಮ್ಯಾಟ್ ಮಾಡೋ ಹಾಗೇ ಇಲ್ಲ.

ಆರ್ಡರ್ ಜಾಸ್ತಿ ಆದಾಗ ಕ್ಯಾಮೆರಾ ಕಂಡ್ರೇ ಬೇಜಾರಾಗೋದುಂಟು, ಅದು ಆಗ್ಬಾರ್ದು. ಅದಕ್ಕೇ ಹೋಳಿ ಟೈಮಲ್ಲಿ ಅಂಕೋಲಾ ಕಡೆ ಹಾಲಕ್ಕಿ ಒಕ್ಕಲು ಸಮುದಾಯದವ್ರ ಸುಗ್ಗಿ ಕುಣಿತ ಇರೋ ದಿನ ಯಾರ ಆರ್ಡರೂ ತಗೊಳ್ದೆ ನಿಮ್ಮ ಖುಷಿಗೆ ಹೋಗಿ ಬನ್ನಿ, ಕೇಳಿ ಫೋಟೋ ತೆಗೀರಿ, ಕುಣಿದವ್ರಿಗೆ ಒಂದೊಂದು ಪ್ರಿಂಟ್ ಹಾಕ್ಸಿ ಮುಟ್ಟಿಸಿ.